ಯಾರೂ ಓದದ ಖಾನೆ

ತೈಲ ಶಿಬಿರ, ಉತ್ತರ ಅಲಾಸ್ಕಾ
೯ ಫೆಬ್ರುವರಿ ೨೦೧೪

ಗೆ,
ಕುಮಾರಿ ಓಲೀಟಾ ಮ್ಯಾಡಕ್ಸ್ (ವಯಸ್ಸು ಅರವತ್ಮೂರು) ಅವರು,
ಮ್ಯಾಡಕ್ಸ್ ಬಿಸಿಗಾಳಿ ಮತ್ತು ತಂಪುಗಾಳಿ, ಹಾಲಿಸ್ ಫೋರ್ಡ್.

ವಿಷಯ: ತಮ್ಮ ಪರವಾನಗಿಯ ನವೀಕರಣದಲ್ಲಿ ತಾವು ತೋರುತ್ತಿರುವ ಉದಾಸೀನದ ಬಗ್ಗೆ.
ಉಲ್ಲೇಖ: ತಮ್ಮ ಹುಟ್ಟುಗುಣ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಾದ ಗಾಳಿಯನ್ನೂ ತಣ್ಣನೆ ಗಾಳಿಯನ್ನೂ ಜನರ ಮನೆಗಳೊಳಗೆ ಬಿಡುವ ತಮ್ಮ ಅಧಿಕಾರವು ಬರುವ ಜುಲೈ ಮೂವತ್ತೊಂದಕ್ಕೆ ಮುಕ್ತಾಯವಾಗುತ್ತದೆ. ಅದರ ನವೀಕರಣಕ್ಕೆ ಎಂಟು ಗಂಟೆಗಳ ಪಾಠ ಕೇಳುವುದು ಕಡ್ಡಾಯ. ಚರ್ಚಿನ ಹಿಂದಿನ ಸಭಾಂಗಣದಲ್ಲಿ ಮಡಿಚುವ ಕುರ್ಚಿಯ ಮೇಲೆ ಕೂತು, ತಣ್ಣಗಾದ ಬಿಸ್ಕಿಟ್ ತಿನ್ನುತ್ತಾ ಪಾಠ ಕೇಳುವ ಸುವರ್ಣಯುಗವು ಈ ವರ್ಷದಿಂದ ಅಂತ್ಯಗೊಂಡು, ಎಲ್ಲವೂ ಕಂಪ್ಯೂಟರಿಗೆ ಸ್ಥಳಾಂತರವಾಗಿದೆ. ಸದರಿ ಕಂಪ್ಯೂಟರನ್ನು ತಮ್ಮ ಅಣ್ಣನ ಮಗನು ಕಷ್ಟಪಟ್ಟು ಜೋಡಿಸಿಕೊಟ್ಟಿದ್ದು, ತಾವು ಅದರ ಮೇಲೆ ಹಿಟ್ಟಿನ ಚೀಲ ಇಟ್ಟಿರುವುದು ಮಂಡಳಿಯ ಗಮನಕ್ಕೆ ಬಂದಿದೆ.

ಅತ್ತೆ, ಮೊಹರು ಹೇಗಿದೆ? ಪಂಪಿನ ಹಳೇ ರಬ್ಬರ್ ತುಂಡಿನಲ್ಲಿ ಕೊರೆದೆ. ಎರಡು ಸಂಜೆ ಹಿಡಿಯಿತು. ಮಧ್ಯದಲ್ಲಿರುವುದು ಹದ್ದು, ಕೋಳಿ ಎಂದು ಅನ್ನಿಸಿದರೆ ಅದು ನೋಡುವವರ ದೋಷ.

ಇಲ್ಲಿ ಮುನ್ನೂರು ಗಂಡಸರು, ಕೋಣೆಗಳನ್ನು ಬೆಚ್ಚಗಿಡುವ ಹನ್ನೊಂದು ಫರ್ನೇಸು, ಒಂದೇ ಒಂದು ಕಿಟಕಿ. ಆ ಕಿಟಕಿಯಲ್ಲೂ ಏನೂ ಕಾಣುವುದಿಲ್ಲ. ನನ್ನ ಕೆಲಸ ಹನ್ನೊಂದೂ ಆರದಂತೆ ನೋಡಿಕೊಳ್ಳುವುದು. ಒಂದು ಆರಿದರೆ ಮುನ್ನೂರು ಗಂಡಸರೂ ನನ್ನ ಹೆಸರನ್ನು ಭಕ್ತಿಯಿಂದ ಕೂಗುತ್ತಾರೆ. ಊರು ಬಿಟ್ಟು ಇಷ್ಟು ದೂರ ಯಾಕೆ ಹೋದೆ ಎಂದು ನೀನು ಎರಡು ಕಾಗದದಲ್ಲಿ ಕೇಳಿದ್ದೀಯ. ಚಳಿಯ ಮೇಲಿನ ಆಸೆಯಿಂದ ಎಂದು ದಾಖಲಿಸಿಕೊಳ್ಳತಕ್ಕದ್ದು.

ಈಗ ಮುಖ್ಯ ವಿಷಯ. ನಿನ್ನ ಪಾಸ್‌ವರ್ಡ್ ಕಳಿಸು. ಎಂಟು ಗಂಟೆ ನಾನು ಕೂರುತ್ತೇನೆ. ನಮ್ಮ ಕಸುಬಿನಲ್ಲಿ ಯಜಮಾನ ಮನೆಯಡಿ ತೆವಳುತ್ತಿರುವಾಗ ಪಾಠ ಕೇಳುವವನು ಅವನ ಸಹಾಯಕನೇ ಅಂತ ಮಂಡಳಿಗೂ ಗೊತ್ತು, ಮಂಡಳಿಯ ಬೆಕ್ಕಿಗೂ ಗೊತ್ತು.

ತಮ್ಮ ವಿಧೇಯ,
ಫ್ಯಾರಿಸ್ ಮ್ಯಾಡಕ್ಸ್
ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಜವಾನ, ಅಖಂಡ ಗಾಳಿ ಮಂಡಳಿ


ಹಾಲಿಸ್ ಫೋರ್ಡ್
೨೭ ಫೆಬ್ರುವರಿ

ಫ್ಯಾರಿಸ್,

ನಿನ್ನ ಕಾಗದ ಬಂತು. ಅಂಚೆ ಕಚೇರಿಯ ಡಾರ್ಲಾ ಆ ಮೊಹರು ನೋಡಿ, ನಾಲ್ಕು ಜನರ ಮುಂದೆ ಕೊಡಬಾರದು ಅಂತ ನನ್ನನ್ನು ಹಿಂಬಾಗಿಲಿಗೆ ಕರೆದಳು. "ಏನೇ ಮಾಡ್ಕೊಂಡೆ ಓಲೀಟಾ? ಸರ್ಕಾರದ್ದು ಬಂದಿದೆ ಕಣೇ!" ಅಂತ ಕಿವಿಯ ಹತ್ತಿರ ಬಂದು ಕೂಗಿದಳು. "ಸರ್ಕಾರ ಕೋಳಿ ಚಿತ್ರ ಹಾಕಲ್ಲ. ನಮ್ಮಣ್ಣನ ಮಗ ಅದು" ಅಂದೆ. ಅವಳಿಗೆ ಬೇಜಾರಾಯಿತು. ಒಂದು ವಾರ ಹೇಳಿಕೊಂಡು ತಿರುಗಲು ಏನೂ ಸಿಗಲಿಲ್ಲ ನೋಡು.

ಹಿಟ್ಟಿನ ಚೀಲ ತೆಗೆದು ಮೂರು ಸಲ ಕೂತೆ. ಆ ಪಾಠದವನು ಬಾಯಿ ತುಂಬ ಮೆಕ್ಕೆಜೋಳದ ರೊಟ್ಟಿ ಇಟ್ಟುಕೊಂಡು ಮಾತಾಡುತ್ತಾನೆ. ನಿದ್ದೆ ಮಾಡುತ್ತಿಲ್ಲ ಅಂತ ತೋರಿಸಲು ಹತ್ತು ನಿಮಿಷಕ್ಕೊಮ್ಮೆ ಅವನು ಒಂದು ಸಂಖ್ಯೆ ಹೇಳುತ್ತಾನಂತೆ, ಅದನ್ನು ಒತ್ತಬೇಕಂತೆ. ಅವನು ಹೇಳಿದ್ದು ನನಗೆ ಗೊತ್ತಾಗುವ ಮೊದಲೇ ಪಾಠದಿಂದ ಆಚೆ ತಳ್ಳುತ್ತಾನೆ. ಮೂರು ಸಲವೂ ತಳ್ಳಿದ. ನಡತೆ ಇಲ್ಲದ ಮನುಷ್ಯ.

ಲುವೀನಿಯಾ ಟ್ಯಾಕೆಟ್ ಈಗ ಕೋಲು ಹಿಡಿದು ಚರ್ಚಿಗೆ ಬರುತ್ತಾಳೆ. ಕೈ ನಡುಕ ನಿಂತಿಲ್ಲ. ಮಾತಿನ ಮಧ್ಯೆ ಹೆಸರು ಮರೆಯುತ್ತಾಳೆ. ಅವಳ ಮಗ ಗೇಲನ್ ಮೇವಿನ ಅಂಗಡಿಯಲ್ಲಿ ಇವತ್ತಿಗೂ ಅದನ್ನೇ ಹೇಳುತ್ತಾನೆ: "ನಮ್ಮಮ್ಮನ ಫರ್ನೇಸು ಬಿರುಕು ಬಿಟ್ಟಿತ್ತು, ವಿಷಗಾಳಿ ಬರ್ತಿತ್ತು, ಓಲೀಟಾ ನೋಡಿದ್ಳು, ಕೆಂಪು ಚೀಟಿ ಮಾತ್ರ ಕಟ್ಲಿಲ್ಲ." ಕಟ್ಟಿದ್ದೆ. ಉರಿ ಆರಿಸಿ, ಇದನ್ನು ಹಚ್ಚಬಾರದು ಅಂತ ಹೆಸರು, ತಾರೀಕು, ಗಂಟೆ ಬರೆದು ಕಟ್ಟಿದ್ದೆ. ಕಟ್ಟಿದವರೇ ಬಿಚ್ಚಬೇಕು, ಬೇರೆಯವರು ಮುಟ್ಟಬಾರದು ಅನ್ನುವುದು ಮೊದಲ ದಿನ ನಿನಗೆ ಹೇಳಿಕೊಟ್ಟ ಪಾಠ. ಬೆಳಗಾಗುವಷ್ಟರಲ್ಲಿ ಚೀಟಿ ಇರಲಿಲ್ಲ, ಫರ್ನೇಸು ಉರಿಯುತ್ತಿತ್ತು. ಗೇಲನ್ನೇ ಬಿಚ್ಚಿದ್ದಾನೆ ಅಂತ ನನ್ನ ಗುಮಾನಿ. ನಾನು ಕಟ್ಟುವಾಗ ನೀನು ಟಾರ್ಚು ಹಿಡಿದು ಪಕ್ಕದಲ್ಲೇ ಇದ್ದೆ. ಒಂದು ಸಾಲು ಬರೆದುಕೊಡು. ಮೇವಿನ ಅಂಗಡಿಯ ಗೋಡೆಗೆ ಅಂಟಿಸುತ್ತೇನೆ.

ಪಾಸ್‌ವರ್ಡ್ ಹಾಳೆಯ ಹಿಂದೆ ಇದೆ. ಮೂವತ್ತೊಂದು ವರ್ಷದಲ್ಲಿ ನಾನು ಪಾಠ ತಪ್ಪಿಸಿದ್ದು ಇದೇ ಮೊದಲು. ಎಂಟು ಗಂಟೆ ನೀನು ನಾನಾಗಿ ಕೂತ್ಕೋ. ಕೀಟಲೆ ಬೇಡ.

ಓಲೀಟಾ


ತೈಲ ಶಿಬಿರ
೧೬ ಮಾರ್ಚ್

ಮಾನ್ಯ ಅತ್ತೆಯವರ ಸನ್ನಿಧಾನಕ್ಕೆ,

ತಮ್ಮ ಆಜ್ಞಾನುಸಾರ ಈ ಕೆಳಗೆ ಸಹಿ ಮಾಡಿದವನು ಎಂಟು ಗಂಟೆ ಕಾಲ ಅರವತ್ಮೂರು ವರ್ಷದ ಅವಿವಾಹಿತ ಮಹಿಳೆಯಾಗಿ ಜೀವಿಸಿದನು. ಅನುಭವ ಘನವಾಗಿತ್ತು. ಮೂರನೇ ಗಂಟೆಯಲ್ಲಿ ಸೊಂಟ ನೋಯತೊಡಗಿತು. ಐದನೇ ಗಂಟೆಯಲ್ಲಿ ಈಗಿನ ಕಾಲದ ಹುಡುಗರ ಮೇಲೆ ಸಿಟ್ಟು ಬಂತು.

ಪಾಠದವನು ಹೇಳಿದ ನಲವತ್ತೆಂಟು ಸಂಖ್ಯೆಗಳನ್ನೂ ಒಂದೂ ತಪ್ಪದೆ ಒತ್ತಿದ್ದೇನೆ. ಪಕ್ಕದ ಹಾಸಿಗೆಯ ಲೂಯಿಸಿಯಾನದ ಬೂಡ್ರೋ ಬಂದು, "ಏನೋ ಅದು, ಬಿಂಗೋ ಆಡ್ತಿದೀಯಾ?" ಅಂದ. "ನಾನು ಓಲೀಟಾ ಮ್ಯಾಡಕ್ಸ್, ದಯವಿಟ್ಟು ಹೆಣ್ಣುಮಕ್ಕಳ ಹತ್ರ ಗೌರವದಿಂದ ಮಾತಾಡಿ" ಅಂದೆ. ಈಗ ಇಡೀ ಶಿಬಿರ ನನ್ನನ್ನು ಮಿಸ್ ಓಲೀಟಾ ಎಂದೇ ಕರೆಯುತ್ತದೆ. ಬಾಗಿಲು ತೆಗೆದು ಹಿಡಿಯುತ್ತಾರೆ. ಬಿಡಲು ಮನಸ್ಸಿಲ್ಲ.

ಪ್ರಶ್ನೆಪತ್ರಿಕೆಯಲ್ಲಿ ನೂರಕ್ಕೆ ತೊಂಬತ್ತಾರು ಬಂದಿದೆ. ಹೋದ ನಾಲ್ಕು ಅಂಕ ತಮ್ಮ ವಯಸ್ಸಿಗೆ ಸಹಜವಾಗಿರಲೆಂದು ಬೇಕೆಂದೇ ಬಿಟ್ಟದ್ದು. ಕೊನೆಯಲ್ಲಿ ಒಂದು ಖಾಲಿ ಖಾನೆ ಇತ್ತು. "ನೀವು ಕೆಲಸ ನಿಲ್ಲಿಸಬೇಕಾಗಿದ್ದೂ ನಿಲ್ಲಿಸದ ಒಂದು ಸಂದರ್ಭವನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ, ಅದರಿಂದ ಕಲಿತ ಪಾಠವನ್ನೂ ಬರೆಯಿರಿ." ಖಾಲಿ ಬಿಟ್ಟರೆ ಮುಂದೆ ಹೋಗಲು ಬಿಡುವುದಿಲ್ಲ. ಹಾಗಾಗಿ ತಮ್ಮ ಪರವಾಗಿ ಒಂದು ತಪ್ಪೊಪ್ಪಿಗೆಯನ್ನು ಉದಾತ್ತ ಶೈಲಿಯಲ್ಲಿ ರಚಿಸಿದ್ದೇನೆ. ಚಿಂತೆ ಬೇಡ. ಆ ಖಾನೆಯನ್ನು ಭೂಮಿಯ ಮೇಲೆ ಯಾರೂ ಓದುವುದಿಲ್ಲ. ಎಲ್ಲರೂ ಅಲ್ಲಿ ಕೋಳಿ ಹುರಿಯುವ ವಿಧಾನ ಬರೆಯುತ್ತಾರೆ ಎಂದು ಬೂಡ್ರೋ ಹೇಳಿದ.

ಪ್ರಮಾಣಪತ್ರ ಲಗತ್ತಿಸಿದೆ. ಅದನ್ನು ಮಂಡಳಿಗೆ ಕಳಿಸಿ, ನಿಶ್ಚಿಂತೆಯಿಂದ ಮೀನು ಹಿಡಿಯಲು ಹೋಗತಕ್ಕದ್ದು.

ಇಂತಿ,
ಮಿಸ್ ಓಲೀಟಾ (ಎರಡನೆಯವಳು)


ಹಾಲಿಸ್ ಫೋರ್ಡ್
೧೧ ಏಪ್ರಿಲ್

ಫ್ಯಾರಿಸ್,

ಲೈಸೆನ್ಸ್ ಮಂಡಳಿಯಿಂದ ಬಂದ ಪತ್ರದ ನಕಲು ಇದರೊಂದಿಗೆ ಇದೆ. ತಾವು ಮಾರ್ಚ್ ಹದಿನಾಲ್ಕರಂದು ಬರೆದ ಹೇಳಿಕೆಯ ಬಗ್ಗೆ ವಿವರಣೆ ಬೇಕಾಗಿದೆ, ಅಲ್ಲಿಯವರೆಗೆ ನವೀಕರಣವನ್ನು ತಡೆಹಿಡಿಯಲಾಗಿದೆ, ಮೇ ಎಂಟರೊಳಗೆ ಉತ್ತರಿಸಿ ಅಂತ ಬರೆದಿದ್ದಾರೆ. ಸಹಿ ವಿ. ಪ್ರೂಯೆಟ್, ತನಿಖಾಧಿಕಾರಿ.

ನೀನು ಆ ಖಾನೆಯಲ್ಲಿ ಬರೆದದ್ದನ್ನು ಒಂದಕ್ಷರ ಬಿಡದೆ ನನಗೆ ಬರೆದು ಕಳಿಸು. ತಕ್ಷಣ ಕಳಿಸು. ಓದದೆ ಉತ್ತರ ಕೊಡಲು ನನಗೆ ಬರುವುದಿಲ್ಲ.

ಓಲೀಟಾ ಮ್ಯಾಡಕ್ಸ್


ತೈಲ ಶಿಬಿರ
೨೯ ಏಪ್ರಿಲ್

ಪೂಜ್ಯ ಗುರುಗಳೇ!

ಅಂತೂ ಇಂತೂ! ಹತ್ತು ವರ್ಷದಿಂದ ನಾನು ಒಬ್ಬನೇ ಈ ಊಳಿಗವನ್ನು ಹೊತ್ತುಕೊಂಡು ಬಂದೆ. ಪ್ರತಿ ಹುಟ್ಟುಹಬ್ಬಕ್ಕೂ ನಿನಗೊಂದು ಸುಳ್ಳು ನೋಟಿಸು ಕಳಿಸಿದೆ. ನೀನು ಒಂದಕ್ಕೂ ಮಾರುತ್ತರ ಕೊಡಲಿಲ್ಲ. ಈಗ ಕೊಟ್ಟೆಯಲ್ಲ, ಎಂಥ ಕೈಚಳಕ! ಕಾಗದ ಓದಿ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಬೂಡ್ರೋಗೂ ತೋರಿಸಿದೆ. "ನಿಮ್ಮತ್ತೆ ಪಕ್ಕಾ ಕಳ್ಳಿ ಕಣೋ" ಅಂದ. ಇದನ್ನು ಅವನು ಪ್ರಶಂಸೆಯಾಗಿ ಹೇಳಿದ್ದು.

ಆದರೂ ಅನುಭವಿಯಾಗಿ ಒಂದೆರಡು ತಿದ್ದುಪಡಿ. ಮೊದಲನೆಯದಾಗಿ, ಮೊಹರು ತುಂಬಾ ಚೆನ್ನಾಗಿದೆ. ನಿಜವಾದ ಸರ್ಕಾರಿ ಮೊಹರು ಇಷ್ಟು ಸ್ಪಷ್ಟವಾಗಿ ಬೀಳುವುದಿಲ್ಲ. ಎರಡನೆಯದು, ಪ್ರೂಯೆಟ್ ಅನ್ನುವ ಹೆಸರು. ಹಲ್ಲುನೋವಿರುವವರು ಉಗುಳಿದ ಹಾಗಿದೆ. ಮೂರನೆಯದು, "ತಕ್ಷಣ ಕಳಿಸು" ಅಂತ ಬರೆದು ನೀನು ಪಾತ್ರದಿಂದ ಆಚೆ ಬಂದೆ. ನೀನು ಯಾವತ್ತೂ ಯಾವುದಕ್ಕೂ ಅವಸರ ಮಾಡಿದವಳಲ್ಲ.

ಖಾನೆಯ ಸಾಹಿತ್ಯವನ್ನು ಮಾತ್ರ ಕೇಳಬೇಡ. ಕೆಲವು ಕೃತಿಗಳು ಕರ್ತೃವಿನೊಂದಿಗೇ ಮಣ್ಣಾಗಬೇಕು. ತನಿಖಾಧಿಕಾರಿ ಪ್ರೂಯೆಟ್ ಅವರಿಗೆ ನನ್ನ ಸಾಷ್ಟಾಂಗ ನಮಸ್ಕಾರ ತಿಳಿಸತಕ್ಕದ್ದು. ಜೂನ್‌ನಲ್ಲಿ ಬೆಕ್ಕುಮೀನು ದಪ್ಪಗಾಗಿರುತ್ತವೆ. ನನ್ನ ಪಾಲಿನದನ್ನೂ ನೀನೇ ತಿನ್ನು.

ತಮ್ಮ ಪರಾಭವಗೊಂಡ ಶಿಷ್ಯ,
ಫ್ಯಾ. ಮ್ಯಾ.


ಹಾಲಿಸ್ ಫೋರ್ಡ್
೧೩ ಮೇ

ಫ್ಯಾರಿಸ್,

ನಿನ್ನ ಚಪ್ಪಾಳೆ ನಿನ್ನೆ ತಲುಪಿತು.

ಕೊನೆಯ ದಿನದವರೆಗೂ ಅಂಚೆ ಕಾದೆ. ಎಂಟನೇ ತಾರೀಕು ಬೆಳಿಗ್ಗೆ ಟ್ರಕ್ಕು ತೆಗೆದುಕೊಂಡು ರಾಜಧಾನಿಗೆ ಹೋದೆ. ನೂರ ನಲವತ್ತು ಮೈಲಿ. ಪ್ರೂಯೆಟ್ ಅನ್ನುವವಳು ಇದ್ದಾಳೆ. ನಲವತ್ತರ ಹೆಂಗಸು. ಮೊದಲು ತಾನೂ ನಮ್ಮ ಹಾಗೆ ಫರ್ನೇಸು ಕೆಲಸ ಮಾಡಿದವಳಂತೆ. ಮಣಿಕಟ್ಟಿನ ಮೇಲೆ ಸುಟ್ಟ ಗುರುತುಗಳಿವೆ. ಒಳ್ಳೆಯ ಕಾಫಿ ಕೊಟ್ಟಳು. ಆಮೇಲೆ ಕಾಗದವನ್ನು ನನ್ನ ಕಡೆ ತಿರುಗಿಸಿ, "ಇದನ್ನ ಓದಿ ಮೇಡಂ" ಅಂದಳು. ನೀನು ಮರೆತಿರಬಹುದು, ಇಲ್ಲಿ ಬರೆಯುತ್ತೇನೆ:

"ನಾನು, ಓಲೀಟಾ ಮ್ಯಾಡಕ್ಸ್, ಕಳೆದ ವರ್ಷ ಜನವರಿಯಲ್ಲಿ ಒಬ್ಬ ವಿಧವೆಯ ಮನೆಯ ಬಿರುಕುಬಿಟ್ಟ ಫರ್ನೇಸಿಗೆ ಕೆಂಪು ಚೀಟಿ ಕಟ್ಟಿ, ಅದೇ ದಿನ ನಾಲ್ಕು ಗಂಟೆಗೆ ಆಕೆಯ ಹಲ್ಲು ಕಟಕಟಿಸುವ ಸದ್ದಿಗೆ ಮನಸೋತು, ಸದರಿ ಚೀಟಿಯನ್ನು ಕಿತ್ತು ಜೇಬಿಗಿಳಿಸಿ ಉರಿ ಹಚ್ಚಿದೆನು. ಮುಚ್ಚಳಕ್ಕೆ ಮೂರೇ ತಿರುಪು ಹಾಕಿದೆನು. ನಾಲ್ಕನೆಯದು ಉರುಳಿ ಕತ್ತಲೆಗೆ ಸೇರಿತು. ಕಲಿತ ಪಾಠ: ಕರುಣೆಗೂ ಪರವಾನಗಿ ಬೇಕು."

"ಇದು ಟ್ಯಾಕೆಟ್ ಅವರ ಮನೆ ಅಲ್ವಾ? ಅವರ ಮಗ ಕೊಟ್ಟ ದೂರು ಒಂದು ವರ್ಷದಿಂದ ನಮ್ಮ ಹತ್ರ ಇದೆ, ಸಾಕ್ಷಿ ಇರ್ಲಿಲ್ಲ" ಅಂದಳು. ಆ ಕಾಗದದ ನಕಲು ಕೇಳಿ ತೆಗೆದುಕೊಂಡೆ. ಜೂನ್ ಹದಿನಾರಕ್ಕೆ ವಿಚಾರಣೆ ಇಟ್ಟಿದ್ದಾರೆ.

ಈಗ ನನ್ನ ಮುಂದೆ ಎರಡು ದಾರಿ ಇವೆ. ಈ ಮಾತು ನನ್ನದಲ್ಲ ಅಂದರೆ ಪಾಠಕ್ಕೆ ಕೂತವಳು ನಾನಲ್ಲ ಅಂತಾಯಿತು. ಅದು ಮೋಸ, ಲೈಸೆನ್ಸ್ ಹೋಗುತ್ತದೆ. ನನ್ನ ಹೆಸರಿನಲ್ಲಿ ಕೂತವನಿಗೂ ಈ ಜನ್ಮದಲ್ಲಿ ಲೈಸೆನ್ಸ್ ಸಿಗುವುದಿಲ್ಲ. ಈ ಮಾತು ನನ್ನದೇ ಅಂದರೆ ನಾನು ವಿಷದ ಫರ್ನೇಸು ಹಚ್ಚಿ ಮನೆಗೆ ಹೋಗಿ ಊಟ ಮಾಡಿದವಳು. ಆಗಲೂ ಹೋಗುತ್ತದೆ. ಯಾವ ಹೆಸರು ಹೊತ್ತುಕೊಂಡು ಉಳಿದ ಕಾಲ ಈ ಊರಿನಲ್ಲಿ ತಿರುಗಾಡಬೇಕು ಅನ್ನುವುದಷ್ಟೇ ನನ್ನ ಕೈಲಿರುವುದು.

ಅದು ಹಾಗಿರಲಿ. ಇನ್ನೊಂದು ಕೇಳುತ್ತೇನೆ.

ಆ ಬೆಳಿಗ್ಗೆ ಲುವೀನಿಯಾಳನ್ನು ಅಡುಗೆಮನೆ ನೆಲದಿಂದ ಅಂಗಳಕ್ಕೆ ಎಳೆದು ತಂದಾಗ, ಆಂಬುಲೆನ್ಸಿಗೆ ದಾರಿ ತೋರಿಸಲು ನಿನ್ನನ್ನು ರಸ್ತೆಗೆ ಓಡಿಸಿದೆ. ನಾನೊಬ್ಬಳೇ ಒಳಗೆ ಹೋಗಿ ಫರ್ನೇಸಿನ ಮುಚ್ಚಳ ತೆಗೆದೆ. ಮೂರೇ ತಿರುಪು ಇದ್ದವು. ಗೇಲನ್‌ಗೆ ಅದನ್ನು ಹೇಳಲಿಲ್ಲ, ಷೆರೀಫನಿಗೆ ಹೇಳಲಿಲ್ಲ, ನಿನಗೂ ಹೇಳಲಿಲ್ಲ.

ಮೂರು ಅಂತ ನಿನಗೆ ಹೇಗೆ ಗೊತ್ತಾಯಿತು?

ಓಲೀಟಾ


(ಅಂಚೆ ಕಾರ್ಡು. ಹಿಂಬದಿಯಲ್ಲಿ ಹಿಮಕರಡಿಯ ಚಿತ್ರ.)
೨೬ ಮೇ

ಅತ್ತೆ,
ಕಾಗದ ತಲುಪಿತು. ಬರೆಯುತ್ತೇನೆ.
ಫ್ಯಾ.


ತೈಲ ಶಿಬಿರ
೩೧ ಮೇ

ಅತ್ತೆ,

ವಿಷಯ, ಉಲ್ಲೇಖ ಅಂತ ಹಾಕಿ ನಾಲ್ಕು ಸಲ ಶುರು ಮಾಡಿ ಹರಿದೆ. ಹಾಗೆ ಬರೆಯದಿದ್ದರೆ ನನಗೆ ಬರೆಯಲು ಬರುವುದಿಲ್ಲ ಅಂತ ಇವತ್ತು ಗೊತ್ತಾಯಿತು.

ಏಣಿ ಅವರ ಮನೆಯಲ್ಲೇ ಬಿಟ್ಟು ಬಂದಿದ್ದೆವು. ನೀನು ಬದಲಿ ಭಾಗ ತರಲು ಪಟ್ಟಣಕ್ಕೆ ಹೋದಮೇಲೆ ನಾನು ಏಣಿ ತರಲು ಹೋದೆ. ನಾಲ್ಕು ಗಂಟೆ. ಅಡುಗೆಮನೆಯ ಬಕೆಟ್ಟಿನ ನೀರಿನ ಮೇಲೆ ಮಂಜು ಕೆನೆಗಟ್ಟಿತ್ತು. ಅವಳು ಕೋಟು ಹಾಕಿಕೊಂಡು, ಮೇಲೆ ಕೌದಿ ಹೊದ್ದು, ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಗೇಲನ್ ಐದು ಗಂಟೆಗೆ ಬಂದು ಅವನ ಮನೆಗೆ ಕರ್ಕೊಂಡು ಹೋಗ್ತಾನಪ್ಪಾ. ಅಲ್ಲಿವರೆಗೆ ಒಂಚೂರು ಹಚ್ಕೊಡು ಮಗಾ. ನಿನ್ ದಮ್ಮಯ್ಯ" ಅಂದಳು. ನಾನು ಆಗಲ್ಲ ಅಂದೆ. "ನಿಮ್ಮತ್ತೆಗೆ ನಾನು ಹೇಳಲ್ಲ" ಅಂದಳು. ಹಾಗಂದು ನಕ್ಕಳು ಅತ್ತೆ. ತುಟಿ ನೀಲಿಗಟ್ಟಿತ್ತು.

ಒಂದು ಗಂಟೆಯ ಮಾತು ಅಂದುಕೊಂಡು ಹಚ್ಚಿದೆ. ಕಿಟಕಿಯನ್ನು ಅಂಗೈಯಷ್ಟು ತೆರೆದಿಟ್ಟೆ. ಹೋಗುವಾಗ ಆರಿಸಿ ಹೋಗಿ ಅಂತ ಎರಡು ಸಲ ಹೇಳಿದೆ. ಗೇಲನ್ ಬರಲೇ ಇಲ್ಲ. ಅವಳು ಕಿಟಕಿ ಮುಚ್ಚಿಕೊಂಡಳು. ಮಿಕ್ಕಿದ್ದು ನಿನಗೆ ಗೊತ್ತು.

ಚೀಟಿ ನನ್ನ ಜೇಬಿನಲ್ಲೇ ಇತ್ತು. ಆಂಬುಲೆನ್ಸಿಗೆ ಕೈ ಬೀಸುವಾಗಲೂ ಇತ್ತು. ನಿನ್ನ ಹೆಸರು, ತಾರೀಕು, ಗಂಟೆ ಎಲ್ಲವೂ ಅದರ ಮೇಲಿದ್ದವು. ಅದೇ ವಾರ ಶೆಡ್ಡಿನ ಒಲೆಗೆ ಹಾಕಿದೆ. ಗೇಲನ್ ನಿನ್ನ ಮೇಲೆ ಹೇಳತೊಡಗಿದ್ದು ಅದಾದಮೇಲೆ. ಮೊದಲೇ ಹೇಳಿದ್ದರೆ ಇಟ್ಟುಕೊಳ್ಳುತ್ತಿದ್ದೆ ಅಂತ ಬರೆಯಲು ಹೊರಟೆ; ಅದು ನಿಜವೋ ಅಲ್ಲವೋ ನನಗೇ ಗೊತ್ತಿಲ್ಲ. ನೀನು ಆ ಒಂದು ಸಾಲು ಬರೆದುಕೊಡು ಅಂದಾಗ ಅದನ್ನು ಓದಿಯೇ ಇಲ್ಲದವನಂತೆ ಇದ್ದೆ. ಒಂದು ಸಾಲು ಬರೆದರೆ ಎರಡನೆಯದನ್ನೂ ಬರೆಯಬೇಕಾಗುತ್ತಿತ್ತು. ಇಲ್ಲಿಗೆ ಬಂದಿದ್ದೂ ಅದಕ್ಕೇ. ಚರ್ಚಿನಲ್ಲಿ ಅವಳು ನನ್ನ ಕೈ ಹಿಡಿದು, "ನೀನು ಯಾರ ಮಗ ಅಪ್ಪಾ?" ಅಂತ ಕೇಳಿದ ಭಾನುವಾರವೇ ಇಲ್ಲಿಯ ಕೆಲಸಕ್ಕೆ ಅರ್ಜಿ ಹಾಕಿದೆ.

ಆ ಖಾನೆಯ ವಿಷಯ. ಎಂಟು ಗಂಟೆ ಕೂತು ತಲೆ ಜೋಮು ಹಿಡಿದಿತ್ತು. ನಿಮ್ಮದೇ ಮಾತಿನಲ್ಲಿ ಬರೆಯಿರಿ ಅಂತಿತ್ತು. ಯಾರೂ ಓದುವುದಿಲ್ಲ ಅಂತ ಎಲ್ಲರೂ ಹೇಳಿದ್ದರು. ನಾನು ಅದನ್ನು ಇನ್ನೆಲ್ಲಿ ಬರೆಯಬಹುದಿತ್ತು ಹೇಳು. "ನಾನು" ಅಂತ ಶುರು ಮಾಡಿದೆ. ಮೇಲೆ ನಿನ್ನ ಹೆಸರಿತ್ತು. ಆಮೇಲೆ ನಗು ಬರಲಿ ಅಂತ ಆ ಹೆಸರನ್ನೂ ಸೇರಿಸಿದೆ.

ನೀನು ಹೇಳಿದರೆ ಮಂಡಳಿಗೆ ಎಲ್ಲವನ್ನೂ ಬರೆಯುತ್ತೇನೆ. ಹೇಳಿದ ದಿನವೇ ಬರೆಯುತ್ತೇನೆ. ಏನು ಮಾಡಲಿ ಹೇಳು.

ಫ್ಯಾರಿಸ್


ಹಾಲಿಸ್ ಫೋರ್ಡ್
೨೦ ಜೂನ್

ಫ್ಯಾರಿಸ್,

ನಿನ್ನ ಕಾಗದ ಹನ್ನೆರಡನೇ ತಾರೀಕು ಬಂತು. ಅಡುಗೆಮನೆಯಲ್ಲಿ ಒಂದು ಸಲ ಓದಿದೆ, ಟ್ರಕ್ಕಿನಲ್ಲಿ ಕೂತು ಇನ್ನೊಂದು ಸಲ ಓದಿದೆ. ಹದಿನಾರರಂದು ಕೈಚೀಲದಲ್ಲಿಟ್ಟುಕೊಂಡು ವಿಚಾರಣೆಗೆ ಹೋದೆ.

ಹೇಳಿದರೆ ಬರೆಯುತ್ತೇನೆ ಅಂದಿದ್ದೀಯ. ಬರೆಯುವವನು ಕೇಳುತ್ತಾ ಕೂರುವುದಿಲ್ಲ. ಮಂಡಳಿಯ ವಿಳಾಸ ನಾನು ಕಳಿಸಿದ ನಕಲಿನ ನೆತ್ತಿಯ ಮೇಲೆಯೇ ಇತ್ತು.

ಅಲ್ಲಿ ಐದು ಜನ ಉದ್ದ ಮೇಜಿನ ಹಿಂದೆ ಕೂತಿದ್ದರು. ಮೊದಲ ಪ್ರಶ್ನೆಗೆ ನಾನು ಬೇರೇನೋ ಉತ್ತರ ಕೊಟ್ಟೆನಂತೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರೂಯೆಟ್ ಎದ್ದು ಬಂದು, ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಿದಳು: "ನಿಮಗೆ ಕೇಳಿಸುತ್ತಿಲ್ಲವೇ?" ಇಲ್ಲ ಅಂದೆ. ಎರಡೂ ಕಿವಿ ಹೋಗಿ ಒಂದು ವರ್ಷದ ಮೇಲಾಯಿತು. ಎದುರಿಗಿದ್ದವರ ತುಟಿ ನೋಡಿ ಇಷ್ಟು ದಿನ ನಿಭಾಯಿಸಿದ್ದೆ. ಪಾಠದವನ ಬಾಯಲ್ಲಿ ರೊಟ್ಟಿ ಇರಲಿಲ್ಲ. ನಿನಗೂ ಸುಳ್ಳು ಬರೆದೆ. ಕಿವುಡಿ ಮುದುಕಿಯನ್ನು ಯಾರು ಮನೆಯಡಿ ಇಳಿಸುತ್ತಾರೆ, ಫರ್ನೇಸು ಬುಸುಗುಟ್ಟುವುದು ಅವಳಿಗೆ ಕೇಳುತ್ತದೆಯೇ ಅಂತ ಜನ ಅಂದಾರು ಅನ್ನುವ ಹೆದರಿಕೆ. ಅದಕ್ಕೇ ಪಾಸ್‌ವರ್ಡ್ ಕೊಟ್ಟದ್ದು. ಅಷ್ಟು ನನ್ನ ತಪ್ಪು. ಅದಕ್ಕಿಂತ ಒಂದು ಕೂದಲೂ ಹೆಚ್ಚು ನನ್ನದಲ್ಲ.

ಆಮೇಲೆ ಅವಳು ಇನ್ನೊಂದು ಹಾಳೆ ಹಿಡಿದಳು. "ಈ ಮಾತುಗಳು ನಿಮ್ಮವೇ?"

ಹೌದು ಅಂದೆ.

ಇದನ್ನು ಪ್ರೀತಿ ಅಂದುಕೊಳ್ಳಬೇಡ. ಲೈಸೆನ್ಸ್ ಅಂದರೆ ಏನು ಅಂತ ಎಂಟು ಗಂಟೆ ಕೂತರೂ ನಿನಗೆ ತಿಳಿದಂತಿಲ್ಲ, ಹೇಳುತ್ತೇನೆ. ಆ ಟ್ರಕ್ಕಿನ ಮೇಲೆ ಬರೆದಿರುವ ಲೈಸೆನ್ಸ್ ಸಂಖ್ಯೆಯ ಹೆಸರಿನಲ್ಲಿ ಯಾರು ಏನೇ ಮಾಡಲಿ, ಮಾಡಿದ್ದು ನಾನು. ಏಣಿ ನನ್ನದು, ಸಹಾಯಕ ನನ್ನವನು, ಅವನಿಗೆ ಬೀಗದ ಕೈ ಕೊಟ್ಟವಳೂ ನಾನು. ಸಹಾಯಕ ಮಾಡಿದ, ನನಗೇನು ಗೊತ್ತು ಅನ್ನುವವರನ್ನು ಮೂವತ್ತೊಂದು ವರ್ಷ ಮುಖದ ಮೇಲೆ ಬೈದಿದ್ದೇನೆ. ಆ ಮೇಜಿನ ಮುಂದೆ ಅದೇ ಮಾತನ್ನು ನನ್ನ ಬಾಯಿಂದ ತರಲು ಆಗಲಿಲ್ಲ.

ಆದರೆ ನಂತರ ನಡೆದದ್ದಕ್ಕೆ ನಾನು ತಯಾರಾಗಿರಲಿಲ್ಲ. ಗೇಲನ್ ಅವನಮ್ಮನನ್ನೂ ಕರೆತಂದಿದ್ದ. ಲುವೀನಿಯಾ ಕೋಲು ಊರಿಕೊಂಡು ಬಂದು ನನ್ನ ಕೈ ಹಿಡಿದಳು. ಅವಳ ಕೈಯ ನಡುಕ ನನ್ನ ಮೊಣಕೈವರೆಗೂ ಬಂತು. ಬಾಯಿ ನೋಡುತ್ತಾ ಅವಳ ಮಾತು ಓದಿಕೊಂಡೆ. "ನಾನೇ ಹಚ್ಚು ಅಂದಿದ್ದೆ ಕಣೇ. ನೀನು ಕರುಣೆಯಿಂದ ಹಚ್ಚಿದೆ. ನಂಗೆ ನೆನಪಿದೆ ಅಂತ ಇವರಿಗೆಲ್ಲ ಹೇಳ್ದೆ. ನಿನ್ನ ಮೇಲೆ ನಂಗೆ ಕೋಪ ಇಲ್ಲ." ಒಂದು ವರ್ಷದಲ್ಲಿ ಅವಳಿಗೆ ನೆನಪಾದ ಒಂದೇ ಒಂದು ವಿಷಯ, ಅದರೊಳಗೆ ನಿನ್ನ ಮುಖದ ಜಾಗದಲ್ಲಿ ನನ್ನ ಮುಖ ಕೂತಿದೆ. ನಾನಾಗಿದ್ದರೆ ಅವಳು ಕಾಲು ಹಿಡಿದು ಅತ್ತಿದ್ದರೂ ಹಚ್ಚುತ್ತಿರಲಿಲ್ಲ. ಟ್ರಕ್ಕಿಗೆ ಹತ್ತಿಸಿಕೊಂಡು ನಮ್ಮ ಮನೆಗೆ ಕರೆತರುತ್ತಿದ್ದೆ. ನಿನಗೆ ಅಷ್ಟು ಹೊಳೆಯಲಿಲ್ಲ. ಟ್ರಕ್ಕು ನನ್ನ ಹತ್ತಿರ ಇತ್ತು ಅನ್ನುತ್ತೀಯ. ನಡೆಸಿಕೊಂಡು ಹೋದರೂ ಅವಳ ಎದುರುಮನೆ ಇಪ್ಪತ್ತು ಹೆಜ್ಜೆ.

ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಅಭ್ಯಾಸವಾಗಿತ್ತು. ಮಾಡದ ಕರುಣೆಗೆ ಕ್ಷಮೆ ಪಡೆಯುವುದು ಬಹಳ ಕೆಟ್ಟದ್ದು ಫ್ಯಾರಿಸ್. ಚರ್ಚಿನಲ್ಲಿ ಈಗ ಹೆಂಗಸರು ನನ್ನ ಭುಜ ತಟ್ಟುತ್ತಾರೆ.

ನವೀಕರಣ ಇಲ್ಲ ಅಂತ ಆದೇಶ ಆಯಿತು. ಸಂಖ್ಯೆ ಜುಲೈ ಮೂವತ್ತೊಂದರವರೆಗೆ ಬದುಕಿರುತ್ತದೆ. ಒಪ್ಪಿಕೊಂಡಿದ್ದ ಕೆಲಸಗಳನ್ನು ನದಿಯಾಚೆಯವರಿಗೆ ಬಿಟ್ಟುಕೊಟ್ಟೆ. ಟ್ರಕ್ಕಿನ ಬಾಗಿಲಿನ ಅಕ್ಷರಗಳನ್ನು ಬ್ಲೇಡಿನಿಂದ ಕೆರೆದೆ. ಬಣ್ಣ ಹೋಯಿತು. ಆದರೆ ಉಳಿದ ಕಡೆ ಬಿಸಿಲಿಗೆ ಬೆಳ್ಳಗಾಗಿ, ಅಕ್ಷರ ಇದ್ದಲ್ಲಿ ಮಾತ್ರ ಕಪ್ಪಗಿದೆ. ಈಗ ಮೊದಲಿಗಿಂತ ಸ್ಪಷ್ಟವಾಗಿ ಓದಬಹುದು.

ಆದೇಶದ ಲಕೋಟೆಯಲ್ಲೇ ನಿನ್ನದೊಂದು ಕಾಗದವೂ ಇತ್ತು. ನಿನ್ನ ಹೆಸರಿನಲ್ಲಿ ಲೈಸೆನ್ಸಿಗೆ ಜನವರಿಯಲ್ಲೇ ಅರ್ಜಿ ಹಾಕಿದ್ದೆಯಂತೆ, ನನಗೆ ಹೇಳಿರಲಿಲ್ಲ. ಕೆಲಸ ಕಲಿಸಿದವರು ತಮ್ಮ ಸಂಖ್ಯೆ ಬದುಕಿರುವಾಗಲೇ ತುಂಬಿ ಸಹಿ ಮಾಡಬೇಕಂತೆ. ತುಂಬಿದ್ದೇನೆ. ನಾಲ್ಕು ವರ್ಷ ದುಡಿದಿದ್ದಾನೆ ಅಂತ ಬರೆದೆ. ಬೆಸುಗೆ ಚೆನ್ನಾಗಿ ಹಾಕುತ್ತಾನೆ, ಎತ್ತರಕ್ಕೆ ಹೆದರುವುದಿಲ್ಲ, ಕುಡಿದು ಕೆಲಸಕ್ಕೆ ಬಂದವನಲ್ಲ ಅಂತ ಬರೆದೆ. ಎಲ್ಲವೂ ನಿಜ. ಕೆಳಗೆ ಸಹಿ ಹಾಕಿ, ಸಂಖ್ಯೆಯನ್ನೂ ಬರೆದಿದ್ದೇನೆ.

ಒಂದು ಖಾನೆ ಮಾತ್ರ ಬಿಟ್ಟಿದ್ದೇನೆ. "ಜನ ನಂಬಿ ಮಲಗುವ ಮನೆಯೊಳಗೆ ಈ ಅಭ್ಯರ್ಥಿಯನ್ನು ಒಬ್ಬನೇ ಕೆಲಸ ಮಾಡಲು ಬಿಡಬಹುದೇ?" ಅಂತ ಕೇಳಿದ್ದಾರೆ. ಅದಕ್ಕೆ ಉತ್ತರ ಬರೆಯದೆ ಕಾಗದವನ್ನು ನಿನಗೇ ಕಳಿಸುತ್ತಿದ್ದೇನೆ. ತುಂಬಿ ನೀನೇ ಮಂಡಳಿಗೆ ಹಾಕು.

ನನ್ನ ಹೆಸರಿನಲ್ಲಿ ಬರೆಯುವುದು ನಿನಗೆ ಬರುತ್ತದಲ್ಲ.

ಓಲೀಟಾ ಮ್ಯಾಡಕ್ಸ್